ಕಸಾಯಿಖಾನೆಯ ಕಸದಿಂದ ಹಾರ್ಮೋನು ಕಿಟ್ಟಿನವರೆಗೆ

ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರ ಜನವರಿ ತಿಂಗಳಿನಲ್ಲಿ. ಅದೇ 1923ರಲ್ಲಿ, ಇಲ್ಲಿಂದ ಸಾವಿರಾರು ಮೈಲಿ ದೂರದ ಹಾಲೆಂಡ್ ದೇಶದ ಓಸ್ ಎಂಬ ಸಣ್ಣ ಊರಿನಲ್ಲಿ ಮಾಂಸದ ವ್ಯಾಪಾರಿಯೊಬ್ಬರು ಒಂದು ಔಷಧಿ ಕಂಪನಿಯನ್ನು ಕಟ್ಟಿದರು. ಅದರ ಹೆಸರು ಆರ್ಗನಾನ್. ಭದ್ರಾವತಿಯ ಕಾರ್ಖಾನೆ ನಮಗೆಲ್ಲ ಗೊತ್ತು; ಆರ್ಗನಾನ್ ಹೆಸರು ಕೇಳಿದವರು ನಮ್ಮಲ್ಲಿ ಕಡಮೆ. ಆದರೆ ಇಂದು ಶಿವಮೊಗ್ಗದ ಯಾವ ಔಷಧಿ ಅಂಗಡಿಯಲ್ಲಾದರೂ ನೂರು ರೂಪಾಯಿಯೊಳಗೆ ಸಿಗುವ ಗರ್ಭಪರೀಕ್ಷೆಯ ಕಿಟ್ಟು, ಪಕ್ಕದ ಲ್ಯಾಬಿನಲ್ಲಿ ದಿನವೂ ನಡೆಯುವ ಥೈರಾಯ್ಡ್ ಪರೀಕ್ಷೆ, ಈ ಎರಡರ ವಂಶಾವಳಿಯನ್ನು ಹುಡುಕುತ್ತ ಹಿಂದೆ ಹಿಂದೆ ಹೋದರೆ ದಾರಿಯಲ್ಲಿ ಓಸ್ ಊರಿನ ಆ ಕಂಪನಿಯ ಬಾಗಿಲು ಎದುರಾಗುತ್ತದೆ.

ಅಡಿಕೆ-ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಈ ಕಥೆಗೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಕೆಲಸವಿದೆ. ಅಡಿಕೆ ಬೇಯಿಸಿದ ಚೊಗರನ್ನು ಚೆಲ್ಲುವುದೋ ಕಾಸು ಮಾಡಿಕೊಳ್ಳುವುದೋ, ಬಿದ್ದ ಹಾಳೆ ಗೊಬ್ಬರದ ಗುಂಡಿಗೋ ತಟ್ಟೆಯ ಅಚ್ಚಿಗೋ, ಕಾಫಿ ಹಣ್ಣಿನ ಸಿಪ್ಪೆಯನ್ನು ಏನು ಮಾಡುವುದು ಎಂಬ ಪ್ರಶ್ನೆಗಳು ನಮ್ಮವೇ. ಕಸವೆಂದು ಬಿಸಾಡುತ್ತಿದ್ದ ವಸ್ತುವಿನಿಂದ ಒಂದು ಊರು ಹೇಗೆ ಮೇಲೆ ಬಂತು, ಮುಂದೆ ನಿರ್ಧಾರದ ಕೀಲಿಕೈ ಊರು ಬಿಟ್ಟು ಹೋದ ಮೇಲೆ ಏನಾಯಿತು ಎಂಬುದನ್ನು ಆರ್ಗನಾನಿನ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಹೆಚ್ಚಿಲ್ಲ. ನಮ್ಮ ಓದುಗರಲ್ಲಿ ಅನೇಕರಿಗೆ ಕಸಾಯಿಖಾನೆಯ ಮಾತು ಹಿತವಾಗಲಾರದು. ಆದರೂ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಂಡ ನಮ್ಮ ಹಿರಿಯರ ಪ್ರಾಣ ದಶಕಗಳ ಕಾಲ ಉಳಿದದ್ದು ಇಂಥ ಕಸಾಯಿಖಾನೆಗಳ ಗ್ರಂಥಿಗಳಿಂದಲೇ ಎಂಬುದನ್ನು ನೆನೆದು ಮುಂದೆ ಓದಬೇಕಾಗಿ ವಿನಂತಿ.

ಬೆಣ್ಣೆ, ಹಂದಿ ಮತ್ತು ಪ್ರೊಫೆಸರು

ಓಸ್ ಇರುವುದು ಹಾಲೆಂಡಿನ ದಕ್ಷಿಣದ ಬ್ರಬಾಂಟ್ ಪ್ರಾಂತದಲ್ಲಿ. ಸುತ್ತಲಿನ ಹಳ್ಳಿಗಳ ರೈತರು ಹಸು, ಹಂದಿ ಸಾಕುವವರು. ಊರಿನವರು ಬೆಣ್ಣೆ ಮತ್ತು ಮಾಂಸದ ವ್ಯಾಪಾರಿಗಳು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಯೂರ್ಗನ್ಸ್ ಮತ್ತು ವಾನ್ ಡೆನ್ ಬರ್ಗ್ ಎಂಬ ಇಲ್ಲಿಯ ಎರಡು ಬೆಣ್ಣೆ ವ್ಯಾಪಾರದ ಮನೆತನಗಳು ಕೃತಕ ಬೆಣ್ಣೆಯನ್ನು, ಅಂದರೆ ಮಾರ್ಗರೀನನ್ನು, ತಯಾರಿಸತೊಡಗಿದವು. ಪರಸ್ಪರ ಜಿದ್ದಾಜಿದ್ದಿ ನಡೆಸಿ ಕೊನೆಗೆ 1927ರಲ್ಲಿ ಒಂದಾದವು. 1930ರಲ್ಲಿ ಇಂಗ್ಲೆಂಡಿನ ಲೀವರ್ ಸೋಪಿನ ಕಂಪನಿಯೊಡನೆ ಸೇರಿ ಹುಟ್ಟಿದ್ದೇ ಯೂನಿಲಿವರ್. ನಮ್ಮ ಕಾಫಿ ಬೆಳೆಗಾರರಿಗೆ ಬ್ರೂ ಕಾಫಿಪುಡಿಯ ಮೂಲಕ ಪರಿಚಯವಿರುವ ಹಿಂದುಸ್ತಾನ್ ಯೂನಿಲಿವರ್ ಇದರ ಕವಲು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತದೆ.

ಅದೇ ಊರಿನ ಮತ್ತೊಂದು ದೊಡ್ಡ ವ್ಯಾಪಾರಿ ಮನೆತನ ವಾನ್ ಝ್ವಾನೆನ್‌ಬರ್ಗ್ ಅವರದು. ಯಹೂದಿಗಳು. ಹಂದಿ ಮಾಂಸವನ್ನು ಸಂಸ್ಕರಿಸಿ ಹೊರದೇಶಗಳಿಗೆ ಕಳುಹಿಸುವ ಉದ್ಯಮ. ಆಗ ಯಜಮಾನಿಕೆ ನೋಡುತ್ತಿದ್ದವರು ಸಾಲ್ ವಾನ್ ಝ್ವಾನೆನ್‌ಬರ್ಗ್. ಮಾಂಸ ಮಾರಿದ ಮೇಲೆ ಉಳಿಯುವ ಕರುಳು, ಗ್ರಂಥಿ, ಮೂಳೆ ಇವುಗಳಿಂದ ಏನಾದರೂ ಹುಟ್ಟೀತೇ ಎಂಬುದು ಅವರ ಚಿಂತೆ. 1921-22ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದ ಸುದ್ದಿ ಪ್ರಪಂಚವನ್ನೆಲ್ಲ ಮುಟ್ಟಿತ್ತು. ಆ ಗ್ರಂಥಿ ಓಸ್‌ನಲ್ಲಿ ದಿನವೂ ರಾಶಿ ಬೀಳುತ್ತಿತ್ತು.

ಗ್ರಂಥಿ ಇದ್ದ ಮಾತ್ರಕ್ಕೆ ಔಷಧಿಯಾಗದು. ಒಂದೊಂದು ಹಂದಿಯಿಂದ ಸಿಗುವ ಇನ್ಸುಲಿನ್ ಅತ್ಯಲ್ಪ. ಗ್ರಂಥಿಯನ್ನು ತೆಗೆದೊಡನೆ ತಣ್ಣಗೆ ಇಡಬೇಕು. ತಡವಾದರೆ ಅದರೊಳಗಿನ ಜೀರ್ಣರಸವೇ ಇನ್ಸುಲಿನ್ನನ್ನು ತಿಂದುಹಾಕುತ್ತದೆ. ಸುಲಿದ ಹಸಿ ಅಡಿಕೆಯನ್ನು ಹಂಡೆಗೆ ಹಾಕದೆ ಎರಡು ದಿನ ಬಿಟ್ಟರೆ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಎಲ್ಲಕ್ಕಿಂತ ಕಷ್ಟದ್ದೆಂದರೆ ಅಳತೆ. ಸೀಸೆಯಲ್ಲಿರುವ ರಸದಲ್ಲಿ ಇನ್ಸುಲಿನ್ ಎಷ್ಟಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೂ ಸಿಗುವುದಿಲ್ಲ. ಕಡಮೆಯಾದರೆ ರೋಗಿಗೆ ಪ್ರಯೋಜನವಿಲ್ಲ, ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಆ ಕಾಲದಲ್ಲಿ ಮೊಲಕ್ಕೆ ಚುಚ್ಚಿ, ಅದರ ರಕ್ತದ ಸಕ್ಕರೆ ಎಷ್ಟು ಇಳಿಯಿತೆಂದು ನೋಡಿ ಔಷಧಿಯ ಬಲವನ್ನು ನಿಶ್ಚಯಿಸುತ್ತಿದ್ದರು.

ಈ ಅಳೆಯುವ ವಿದ್ಯೆ ಬಲ್ಲವರು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ಔಷಧಶಾಸ್ತ್ರದ ಪ್ರೊಫೆಸರ್ ಅರ್ನ್‌ಸ್ಟ್ ಲಾಕರ್. ಝ್ವಾನೆನ್‌ಬರ್ಗ್ ಅವರನ್ನು ಹುಡುಕಿಕೊಂಡು ಹೋದರು. 1923ರಲ್ಲಿ ಒಪ್ಪಂದವಾಯಿತು. ಗ್ರಂಥಿ ಮತ್ತು ಬಂಡವಾಳ ವ್ಯಾಪಾರಿಯದು, ವಿದ್ಯೆ ಪ್ರೊಫೆಸರರದು. ಪ್ರೊಫೆಸರರ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗದ ಮಾಲು ಕಾರ್ಖಾನೆಯ ಬಾಗಿಲು ದಾಟಕೂಡದು ಎಂಬುದು ಒಪ್ಪಂದದ ಜೀವಾಳ. ಮಾಲು ಮಾರುವವನೇ ತೂಕದ ಕಲ್ಲನ್ನು ಇನ್ನೊಬ್ಬರ ಕೈಗೆ ಕೊಟ್ಟ ಹಾಗಾಯಿತು. ನಮ್ಮ ಮಂಡಿಗಳ ಹಳೆಯ ಚರಿತ್ರೆ ಬಲ್ಲವರಿಗೆ ಇದರ ಬೆಲೆ ತಿಳಿದೀತು. ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಮಾಡುವ ಕೈ ಯಾರದು ಎಂಬ ಪ್ರಶ್ನೆಯೂ, 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ ಹುಟ್ಟುವ ಕಾಲಕ್ಕೆ ಬೆಳೆಗಾರನಿಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ.

ಇದೇ ಹೊತ್ತಿನಲ್ಲಿ ಭದ್ರಾವತಿಯಲ್ಲಿಯೂ ಅದೇ ಬಗೆಯ ವಿಚಾರ ನಡೆದಿತ್ತು ಎಂಬುದು ಗಮನಿಸತಕ್ಕದ್ದು. ಅಲ್ಲಿ ಅದಿರು ಕರಗಿಸಲು ಕಾಡಿನ ಕಟ್ಟಿಗೆಯ ಇದ್ದಿಲು ಬೇಕಾಗಿತ್ತು. ಕಟ್ಟಿಗೆಯನ್ನು ಬಯಲಿನಲ್ಲಿ ಸುಟ್ಟರೆ ಇದ್ದಿಲು ಮಾತ್ರ ಉಳಿದು ಹೊಗೆ ಆಕಾಶಕ್ಕೆ ಹೋಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಹೊಗೆಯನ್ನು ತಣಿಸಿದರೆ ಮರದ ಮದ್ಯಸಾರ, ಅಸಿಟೇಟು, ಡಾಂಬರು ಕೈಗೆ ಬರುತ್ತವೆ. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಭದ್ರಾವತಿಯಲ್ಲಿ ನಿಂತ ಮರದ ಬಟ್ಟಿ ಇಳಿಸುವ ಘಟಕ ಮಾಡಿದ್ದು ಇದನ್ನೇ. ಓಸ್‌ನಲ್ಲಿ ಗ್ರಂಥಿ, ಭದ್ರಾವತಿಯಲ್ಲಿ ಹೊಗೆ. ಎರಡನ್ನೂ ಅಲ್ಲಿಯವರೆಗೆ ಕಸವೆಂದು ಬಿಟ್ಟಿದ್ದರು.

ಮೂತ್ರದ ಗಾಡಿಗಳು

ಇನ್ಸುಲಿನ್ ನಂತರ ಆರ್ಗನಾನ್ ಕೈ ಹಾಕಿದ್ದು ಸ್ತ್ರೀ-ಪುರುಷ ಹಾರ್ಮೋನುಗಳಿಗೆ. ಹಾರ್ಮೋನು ಎಂದರೆ ದೇಹದ ಒಂದು ಗ್ರಂಥಿಯಿಂದ ರಕ್ತಕ್ಕಿಳಿದು ಇನ್ನೊಂದು ಅಂಗಕ್ಕೆ ಆಜ್ಞೆ ಒಯ್ಯುವ ಓಲೆಕಾರ. ಹಳೆಯ ಪಾಠಪುಸ್ತಕಗಳಲ್ಲಿ ರಸದೂತ ಎಂಬ ಹೆಸರೂ ಇತ್ತು. ಮೊದಮೊದಲು ಪ್ರಾಣಿಗಳ ಅಂಡಾಶಯದಿಂದ ಇದನ್ನು ತೆಗೆಯುತ್ತಿದ್ದರು. ಟನ್ನುಗಟ್ಟಲೆ ಮಾಲಿನಿಂದ ಚಿಟಿಕೆಯಷ್ಟು ಸಿಗುತ್ತಿತ್ತು. 1927ರ ಸುಮಾರಿಗೆ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವೈದ್ಯರು ಗರ್ಭಿಣಿಯರ ಮೂತ್ರದಲ್ಲಿ ಹಾರ್ಮೋನುಗಳು ಹೇರಳವಾಗಿರುವುದನ್ನು ತೋರಿಸಿಕೊಟ್ಟರು. ಅಲ್ಲಿಗೆ ಕಚ್ಚಾಮಾಲಿನ ಲೆಕ್ಕವೇ ಬದಲಾಯಿತು. ಆರ್ಗನಾನ್ 1931ರಿಂದ ಹಾಲೆಂಡಿನ ಮನೆಮನೆಗಳಿಂದ ಗರ್ಭಿಣಿಯರ ಮೂತ್ರವನ್ನು ಸಂಗ್ರಹಿಸುವ ವ್ಯವಸ್ಥೆಯನ್ನೇ ಮಾಡಿತು. ಹಾಲಿನ ಗಾಡಿಯಂತೆ ಮೂತ್ರದ ಗಾಡಿ! ನಗುವ ಮಾತಲ್ಲ. ಆ ಮೂತ್ರದಿಂದ ತೆಗೆದ ಔಷಧಿ ಮಕ್ಕಳಾಗದ ಎಷ್ಟೋ ಹೆಂಗಸರಿಗೆ ಮಡಿಲು ತುಂಬಿತು. ತಾಯಂದಿರು ತಾಯಂದಿರಿಗಾಗಿ ಕೊಡುವ ದಾನವೆಂಬ ಅರ್ಥದ ಹೆಸರನ್ನೇ ಆ ಕಾರ್ಯಕ್ರಮಕ್ಕೆ ಇಟ್ಟಿದ್ದರು.

ಗರ್ಭ ನಿಂತ ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಕಾಣಿಸಿಕೊಳ್ಳುವ ಈ ಹಾರ್ಮೋನಿಗೆ ಎಚ್‌ಸಿಜಿ ಎಂದು ಹೆಸರು. ಅದು ಇದ್ದರೆ ಗರ್ಭ, ಇಲ್ಲದಿದ್ದರೆ ಇಲ್ಲ. ಇದನ್ನು ಪರೀಕ್ಷಿಸಲು ಆಶ್‌ಹೈಮ್ ಮತ್ತು ಝೋಂಡೆಕ್ ತೋರಿಸಿದ ದಾರಿ ಹೀಗಿತ್ತು: ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚುವುದು, ಕೆಲವು ದಿನ ಬಿಟ್ಟು ಇಲಿಗಳನ್ನು ಕೊಯ್ದು ಅಂಡಾಶಯ ನೋಡುವುದು. ಆಮೇಲೆ ಮೊಲ ಬಂತು, ಆಫ್ರಿಕದ ಕಪ್ಪೆ ಬಂತು. ಕಪ್ಪೆ ಸಾಯಬೇಕಾಗಿರಲಿಲ್ಲ, ಚುಚ್ಚಿದ ಮೇಲೆ ಮೊಟ್ಟೆ ಇಟ್ಟರೆ ಗರ್ಭವೆಂದರ್ಥ. ಆದರೆ ಇವೆಲ್ಲ ದೊಡ್ಡ ಊರಿನ, ದುಡ್ಡಿದ್ದವರ ಮಾತಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರು ಹಾಲೆಂಡನ್ನು ಆಕ್ರಮಿಸಿದಾಗ ಲಾಕರ್ ಅವರನ್ನು ಯಹೂದಿ ಎಂಬ ಕಾರಣಕ್ಕೆ ವಿಶ್ವವಿದ್ಯಾನಿಲಯದ ಕೆಲಸದಿಂದ ತೆಗೆದರು. ಅವರು ಯುದ್ಧವನ್ನು ದಾಟಿ ಉಳಿದರಾದರೂ 1947ರಲ್ಲಿ ತೀರಿಕೊಂಡರು. ಕಂಪನಿ ಉಳಿಯಿತು.

ಕೊಳವೆಯ ತಳದ ಉಂಗುರ

1960ರಲ್ಲಿ ಸ್ವೀಡನ್ನಿನ ವೈಡ್ ಮತ್ತು ಗೆಮ್ಜೆಲ್ ಎಂಬ ವಿಜ್ಞಾನಿಗಳು ಪ್ರಾಣಿಯನ್ನು ಬಿಟ್ಟು ಗಾಜಿನ ಕೊಳವೆಯಲ್ಲಿಯೇ ಎಚ್‌ಸಿಜಿ ಗುರುತಿಸುವ ಉಪಾಯ ಕಂಡುಹಿಡಿದರು. ಆರ್ಗನಾನ್ ಅದನ್ನು ಕಿಟ್ಟಿನ ರೂಪಕ್ಕೆ ತಂದು ಪ್ರೆಗ್ನೊಸ್ಟಿಕಾನ್ ಎಂಬ ಹೆಸರಿನಿಂದ ಮಾರಾಟಕ್ಕಿಟ್ಟಿತು. ಹಾರ್ಮೋನು ತಯಾರಿಸುವ ಕಂಪನಿಗೆ ಹಾರ್ಮೋನು ಅಳೆಯುವುದು ದಿನದ ಕೆಲಸವಾಗಿತ್ತು. ತನಗಾಗಿ ಮಾಡಿಕೊಂಡ ತಕ್ಕಡಿಯನ್ನೇ ಮಾಲಾಗಿ ಮಾರತೊಡಗಿತು ಎನ್ನಬಹುದು.

ಕೊಳವೆಯಲ್ಲಿ ನಡೆಯುವುದು ಇಷ್ಟೆ. ಕುರಿಯ ರಕ್ತಕಣಗಳಿಗೆ ಎಚ್‌ಸಿಜಿ ಲೇಪಿಸಿರುತ್ತಾರೆ. ಮೊಲದ ರಕ್ತದಿಂದ ತೆಗೆದ ಪ್ರತಿಕಾಯವೆಂಬ ವಸ್ತು ಇನ್ನೊಂದು ಕಡೆ. ಪ್ರತಿಕಾಯಕ್ಕೆ ಎಚ್‌ಸಿಜಿ ಕಂಡರೆ ಹಿಡಿದುಕೊಳ್ಳುವ ಸ್ವಭಾವ. ಮೂತ್ರದಲ್ಲಿ ಎಚ್‌ಸಿಜಿ ಇಲ್ಲವಾದರೆ ಪ್ರತಿಕಾಯ ರಕ್ತಕಣಗಳನ್ನೇ ಹಿಡಿದು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಮೂತ್ರದಲ್ಲಿ ಎಚ್‌ಸಿಜಿ ಇದ್ದರೆ ಪ್ರತಿಕಾಯವೆಲ್ಲ ಅದಕ್ಕೇ ಖರ್ಚಾಗಿ, ಬಿಡುವಾದ ರಕ್ತಕಣಗಳು ಮೆಲ್ಲನೆ ಇಳಿದು ಕೊಳವೆಯ ತಳದಲ್ಲಿ ಚೆಂದದ ಉಂಗುರವಾಗಿ ಕೂರುತ್ತವೆ. ಉಂಗುರ ಕಂಡರೆ ಗರ್ಭ.

ಇದು ವೈದ್ಯರಿಗೆ, ಲ್ಯಾಬಿಗೆ ಮಾತ್ರ ಮೀಸಲಾಗಿತ್ತು. 1967ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಆರ್ಗನಾನ್ ಶಾಖೆಗೆ ಅಲಂಕಾರ ಸಾಮಗ್ರಿಗಳ ಡಬ್ಬಿಯ ವಿನ್ಯಾಸ ಮಾಡಲು ಮಾರ್ಗರೆಟ್ ಕ್ರೇನ್ ಎಂಬ 26 ವರ್ಷದ ಕಲಾವಿದೆಯನ್ನು ನೇಮಿಸಿಕೊಂಡಿದ್ದರು. ಆಕೆ ಒಂದು ದಿನ ಲ್ಯಾಬಿನಲ್ಲಿ ಕನ್ನಡಿಯ ಮೇಲೆ ಸಾಲಾಗಿ ತೂಗುಬಿಟ್ಟ ಕೊಳವೆಗಳನ್ನು ಕಂಡು ಇದೇನೆಂದು ಕೇಳಿದರು. ಗರ್ಭಪರೀಕ್ಷೆ ಎಂದು ಉತ್ತರ ಬಂತು. ಇಷ್ಟು ಸುಲಭದ ಕೆಲಸವನ್ನು ಹೆಂಗಸು ಮನೆಯಲ್ಲೇ ಮಾಡಿಕೊಳ್ಳಬಾರದೇಕೆ ಎಂದು ಆಕೆಗೆ ಹೊಳೆಯಿತು. ತನ್ನ ಮೇಜಿನ ಮೇಲೆ ಕಾಗದದ ಕ್ಲಿಪ್ಪು ಹಾಕಿಡುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೇ ಮಾದರಿಯಾಯಿತು. ಮೇಲೆ ಕೊಳವೆ, ಕೆಳಗೆ ಪುಟ್ಟ ಕನ್ನಡಿ, ಜೊತೆಗೊಂದು ತೊಟ್ಟಿಕ್ಕುವ ನಳಿಕೆ. ಎರಡು ಗಂಟೆ ಅಲುಗಿಸದೆ ಬಿಟ್ಟು ಕನ್ನಡಿಯಲ್ಲಿ ಉಂಗುರವನ್ನು ನೋಡಿದರಾಯಿತು.

ಮೇಲಿನವರು ಮೊದಲು ಒಪ್ಪಲಿಲ್ಲ. ವೈದ್ಯರು ಮುನಿದಾರು, ತಮ್ಮ ವ್ಯಾಪಾರ ಕೆಟ್ಟೀತು ಎಂಬ ಭಯ. ಕೊನೆಗೆ ಒಪ್ಪಿ ವಿನ್ಯಾಸಗಳನ್ನು ತರಿಸಿದಾಗ ಉಳಿದವರು ಹೂವು, ಬಳ್ಳಿ, ಥಳುಕಿನ ಡಬ್ಬಿಗಳನ್ನು ತಂದಿಟ್ಟಿದ್ದರು. ಜಾಹೀರಾತಿನವರು ಕೈಗೆತ್ತಿಕೊಂಡದ್ದು ಕ್ರೇನ್ ಅವರ ಸಾದಾ ಡಬ್ಬಿಯನ್ನು. ಪ್ರಿಡಿಕ್ಟರ್ ಎಂಬ ಹೆಸರಿನಿಂದ ಅದು 1971ರಲ್ಲಿ ಕೆನಡಾದ ಮಾರುಕಟ್ಟೆಗೆ ಬಂತು. ಪೇಟೆಂಟು ಕ್ರೇನ್ ಅವರ ಹೆಸರಿನಲ್ಲಿದ್ದರೂ ಹಕ್ಕು ಕಂಪನಿಗೆ ಸೇರಿತು. ಅದಕ್ಕೆ ಪ್ರತಿಯಾಗಿ ಆಕೆಗೆ ಬರಬೇಕಾಗಿದ್ದ ಹಣ ಒಂದು ಡಾಲರ್. ಅದೂ ಬರಲಿಲ್ಲವಂತೆ! 2015ರಲ್ಲಿ ಆಕೆಯ ಬಳಿ ಉಳಿದಿದ್ದ ಆ ಮೂಲ ಡಬ್ಬಿ ಹರಾಜಿಗೆ ಬಂದಾಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ 11,875 ಡಾಲರ್ ಕೊಟ್ಟು ಕೊಂಡಿತು. ಬೆಳೆದವನಿಗೆ ಎಷ್ಟು, ಪುಡಿ ಮಾಡಿ ಪೊಟ್ಟಣ ಕಟ್ಟಿದವನಿಗೆ ಎಷ್ಟು ಎಂಬ ನಮ್ಮ ಹಳೆಯ ಪ್ರಶ್ನೆ ಕಾಫಿಗೆ ಮಾತ್ರ ಸೇರಿದ್ದಲ್ಲ.

ಪ್ರಿಡಿಕ್ಟರ್ ಬಂದ ಅದೇ 1971ರಲ್ಲಿ ಓಸ್‌ನ ಪ್ರಯೋಗಾಲಯದಲ್ಲಿ ಇನ್ನೂ ದೊಡ್ಡ ಕೆಲಸವಾಯಿತು. ಅಲ್ಲಿಯವರೆಗೆ ರಕ್ತದಲ್ಲಿನ ಹಾರ್ಮೋನನ್ನು ಸೂಕ್ಷ್ಮವಾಗಿ ಅಳೆಯಲು ಇದ್ದ ವಿಧಾನ ಅಮೆರಿಕದ ಬರ್ಸನ್ ಮತ್ತು ರೊಸಾಲಿನ್ ಯಾಲೋ ಕಂಡುಹಿಡಿದದ್ದು. ವಿಕಿರಣ ಸೂಸುವ ಅಯೋಡಿನ್ನನ್ನು ಗುರುತಿಗೆ ಬಳಸುವ ಈ ವಿಧಾನಕ್ಕಾಗಿ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲಿಯೂ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ಇಂಥ ಕಿಟ್ಟುಗಳನ್ನು ತಯಾರಿಸಿತು. ಆದರೆ ವಿಕಿರಣ ವಸ್ತುವಿಗೆ ಪರವಾನಗಿ ಬೇಕು, ಪ್ರತ್ಯೇಕ ಯಂತ್ರ ಬೇಕು, ಆ ಅಯೋಡಿನ್ನಿನ ಬಲವೋ ಎರಡು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆರ್ಗನಾನಿನ ವಾನ್ ವೇಮೆನ್ ಮತ್ತು ಸ್ಖೂರ್ಸ್ ಎಂಬಿಬ್ಬರು ವಿಕಿರಣದ ಬದಲು ಬಣ್ಣ ಬರಿಸುವ ಕಿಣ್ವವನ್ನು ಕಟ್ಟಿದರು. ಆ ಕಿಣ್ವ ಸಿಗುವುದು ಯುರೋಪಿನಲ್ಲಿ ಬೆಳೆಯುವ ಹಾರ್ಸ್‌ರ್ಯಾಡಿಶ್ ಎಂಬ ಖಾರದ ಬೇರಿನಿಂದ. ಅವರು ಮೊದಲು ಅಳೆದದ್ದು ಅದೇ ಎಚ್‌ಸಿಜಿಯನ್ನು. ಸ್ವೀಡನ್ನಿನಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಇದೇ ದಾರಿ ಹಿಡಿದಿದ್ದರು. ಇದಕ್ಕೆ ಎಲೈಸಾ ಎಂದು ಹೆಸರಾಯಿತು. ಶಿವಮೊಗ್ಗ, ಭದ್ರಾವತಿಯ ಲ್ಯಾಬುಗಳಲ್ಲಿ ಥೈರಾಯ್ಡಿಗಾಗಿ ರಕ್ತ ಕೊಟ್ಟವರ ಪರೀಕ್ಷೆ ನಡೆಯುವುದು ಇದೇ ತತ್ತ್ವದ ಮೇಲೆ, ಈಗ ಯಂತ್ರಗಳು ಸುಧಾರಿಸಿವೆ ಅಷ್ಟೆ.

ಆಮೇಲಿನದು ಎರಡು ಗೆರೆಯ ಪಟ್ಟಿ. 1985ರಲ್ಲಿ ಕ್ಲಿಯರ್‌ಬ್ಲೂ ಎಂಬ ಮನೆ ಪರೀಕ್ಷೆ ಬಂತು; 1988ರಲ್ಲಿ ಅದರದೇ ಒಂದೇ ಹಂತದ ಪಟ್ಟಿ ಬಂತು. ಎರಡು ಗಂಟೆಯ ಕೆಲಸ ಮೂರು ನಿಮಿಷಕ್ಕಿಳಿಯಿತು. ತಯಾರಿಸಿದ್ದು ಇಂಗ್ಲೆಂಡಿನ ಯೂನಿಪಾತ್ ಎಂಬ ಕಂಪನಿ. ಅದರ ಒಡೆತನ ಆಗ ಯಾರದು? ಓಸ್‌ನ ಬೆಣ್ಣೆ ವ್ಯಾಪಾರಿಗಳ ವಂಶದ ಯೂನಿಲಿವರ್‌ನದು! ಒಂದೇ ಸಣ್ಣ ಊರಿನ ಎರಡು ವ್ಯಾಪಾರಗಳು, ಬೇರೆ ಬೇರೆ ದಾರಿಯಲ್ಲಿ ಹೋಗಿ, ಅರವತ್ತು ವರ್ಷಗಳ ಮೇಲೆ ಒಂದೇ ಮಾಲಿನ ಬಳಿ ಎದುರಾದದ್ದು ವಿಚಿತ್ರವೇ ಸರಿ.

ನಮ್ಮಲ್ಲಿ ಈ ಪಟ್ಟಿ ಮನೆಮನೆಗೆ ಬರುವ ಮುಂಚೆ ಒಂದು ಕೆಟ್ಟ ರೂಢಿಯಿತ್ತು. ಮುಟ್ಟು ತಪ್ಪಿದ ಹೆಂಗಸಿಗೆ ಹೆಚ್ಚು ಬಲದ ಹಾರ್ಮೋನು ಮಾತ್ರೆಗಳನ್ನು ನುಂಗಿಸಿ, ಮುಟ್ಟಾದರೆ ಗರ್ಭವಿಲ್ಲ, ಆಗದಿದ್ದರೆ ಗರ್ಭ ಎಂದು ತೀರ್ಮಾನಿಸುವುದು. ಹೊಟ್ಟೆಯಲ್ಲಿರುವ ಕೂಸಿಗೆ ಇದರಿಂದ ಕೇಡಾದೀತೆಂಬ ಆತಂಕದಿಂದ 1982ರಲ್ಲಿಯೇ ನಿಷೇಧದ ಕ್ರಮ ಹೊರಟರೂ ಕೋರ್ಟುಗಳ ತಡೆಯಾಜ್ಞೆಯಿಂದ ಎಳೆದಾಡಿ, ಮಹಿಳಾ ಸಂಘಟನೆಗಳು ಹೋರಾಡಿ, 1988ರಲ್ಲಿ ಇಂಥ ಔಷಧಿಗಳು ನಿಷೇಧವಾದವು. ಇಂದು ಆಶಾ ಕಾರ್ಯಕರ್ತೆಯರ ಚೀಲದಲ್ಲಿ ‘ನಿಶ್ಚಯ್’ ಹೆಸರಿನ ಸರಕಾರಿ ಕಿಟ್ಟು ಇರುತ್ತದೆ. ಹೊಸನಗರದ ಮೂಲೆಯ ಒಂಟಿ ಮನೆಯ ಹೆಣ್ಣುಮಗಳು ಬಸ್ಸು ಹಿಡಿದು ಪೇಟೆಗೆ ಹೋಗದೆಯೂ ತನ್ನ ವಿಷಯ ತಾನು ತಿಳಿಯಬಹುದು.

ಮಲೆನಾಡಿನ ಮಳೆಗಾಲಕ್ಕೆ ಸಂಬಂಧಿಸಿದ ಒಂದು ಮಾತು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕಿಟ್ಟಿನ ಬೆಳ್ಳಿ ಹಾಳೆಯ ಚೀಲವನ್ನು ಉಪಯೋಗಿಸುವ ಹೊತ್ತಿಗೇ ಹರಿಯಬೇಕು. ಥಂಡಿ ತಾಗಿದ ಪಟ್ಟಿ ನಂಬಿಕೆಗೆ ಯೋಗ್ಯವಲ್ಲ. ವಾಯಿದೆಯ ತಾರೀಖು ನೋಡಬೇಕು. ಬೆಳಗಿನ ಮೊದಲ ಮೂತ್ರ ಉತ್ತಮ. ಹೇಳಿದ ನಿಮಿಷದೊಳಗೆ ಓದಬೇಕು, ಗಂಟೆ ಕಳೆದು ಕಾಣುವ ಮಸುಕು ಗೆರೆಗೆ ಬೆಲೆಯಿಲ್ಲ. ಇಲ್ಲವೆಂದು ಬಂದರೂ ಮುಟ್ಟು ಬಾರದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೋಡಬೇಕು. ಗರ್ಭ ಗರ್ಭಕೋಶದಲ್ಲೇ ನಿಂತಿದೆಯೇ, ನಾಳದಲ್ಲಿ ನಿಂತಿದೆಯೇ ಎಂದು ಪಟ್ಟಿ ಹೇಳಲಾರದು. ಹೊಟ್ಟೆನೋವು, ರಕ್ತಸ್ರಾವ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಕೊಟ್ಟಿಗೆಯ ಪ್ರಶ್ನೆ

ಬೆಳೆಗಾರರ ಮನೆಯಲ್ಲಿ ಈ ವಿಷಯ ಬಂದರೆ ಮೊದಲು ಏಳುವ ಪ್ರಶ್ನೆ, ಹಸುವಿಗೆ ಈ ಕಿಟ್ಟು ಆಗುತ್ತದೆಯೇ ಎಂಬುದು. ಆಗುವುದಿಲ್ಲ. ಎಚ್‌ಸಿಜಿ ಮನುಷ್ಯರ ಗರ್ಭದ ಗುರುತು. ಹಸುವಿನ ಮೂತ್ರದಲ್ಲಿ ಅದು ಬರುವುದಿಲ್ಲ. ಅಂಗಡಿಯ ಪಟ್ಟಿಗೆ ಗೋಮೂತ್ರ ಹಾಕಿ ನೋಡಿ ಮೋಸಹೋಗಬಾರದು.

ಹಸುವಿನಲ್ಲಿ ನೋಡಬೇಕಾದ ಹಾರ್ಮೋನು ಪ್ರೊಜೆಸ್ಟರೋನ್. ಇದು ಹಾಲಿನಲ್ಲೂ ಇಳಿಯುವುದರಿಂದ ಚುಚ್ಚಬೇಕಾಗಿಲ್ಲ. ಹಸುವಿನ ಬೆದೆಯ ಸುತ್ತು ಸುಮಾರು 21 ದಿನ. ಇಂಜೆಕ್ಷನ್ ಕೊಡಿಸಿದ 21ರಿಂದ 24ನೆಯ ದಿನದೊಳಗೆ ಹಾಲಿನಲ್ಲಿ ಪ್ರೊಜೆಸ್ಟರೋನ್ ಕಡಮೆಯಿದ್ದರೆ ಗಬ್ಬ ನಿಂತಿಲ್ಲವೆಂದು ಬಹುಮಟ್ಟಿಗೆ ಖಚಿತ. ಹೆಚ್ಚಿದ್ದರೆ ನಿಂತಿರಬಹುದು ಎನ್ನಬಹುದೇ ಹೊರತು ನಿಂತೇ ಇದೆ ಎನ್ನಲಾಗದು. ಗಬ್ಬದ ಕೂಸಿನಿಂದಲೇ ಬರುವ ಪ್ರೋಟೀನನ್ನು ರಕ್ತ ಅಥವಾ ಹಾಲಿನಲ್ಲಿ ಎಲೈಸಾ ವಿಧಾನದಿಂದ ಒಂದು ತಿಂಗಳ ಸುಮಾರಿಗೆ ಗುರುತಿಸುವ ಕಿಟ್ಟುಗಳು ಹೊರದೇಶದ ದೊಡ್ಡ ಡೈರಿಗಳಲ್ಲಿ ರೂಢಿಯಲ್ಲಿವೆ. ನಮ್ಮ ಕೊಟ್ಟಿಗೆಗಳಲ್ಲಿ ಇಂದಿಗೂ ಪಶುವೈದ್ಯರು ಎರಡು-ಮೂರು ತಿಂಗಳಿಗೆ ಕೈ ಹಾಕಿ ನೋಡುವುದೇ ನಂಬಿಕೆಯ ಪರೀಕ್ಷೆ. ಗಬ್ಬವಿಲ್ಲದ ಹಸುವನ್ನು ಇದೆಯೆಂದು ನಂಬಿ ಮೂರು ತಿಂಗಳು ಹಿಂಡಿ-ಹುಲ್ಲು ಹಾಕಿದವರಿಗೆ, ಪರೀಕ್ಷೆ ಎರಡು ತಿಂಗಳು ಮುಂಚೆ ಬಂದರೆ ಎಷ್ಟು ಉಳಿದೀತು ಎಂಬುದು ಬಾಯಿಲೆಕ್ಕಕ್ಕೇ ಸಿಗುತ್ತದೆ. ಹಾಲು ಒಕ್ಕೂಟಗಳು ಯೋಚಿಸತಕ್ಕ ವಿಷಯ.

ಈ ಮಾತಿನ ಜೊತೆಗೆ ಪುಣ್ಯಕೋಟಿಯ ಹೆಸರು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಪ್ರಾಚೀನ ಈಜಿಪ್ಟಿನಲ್ಲಿ ಹೆಂಗಸಿನ ಮೂತ್ರವನ್ನು ಗೋಧಿ, ಬಾರ್ಲಿಗೆ ಹಾಕಿ, ಮೊಳೆತರೆ ಗರ್ಭವೆಂದು ಹೇಳುತ್ತಿದ್ದರೆಂದು ಅಲ್ಲಿಯ ಹಳೆಯ ಬರಹಗಳಿಂದ ತಿಳಿಯುತ್ತದೆ. ಟಿ. ವೀಣಾ ಮತ್ತು ಆರ್. ನರೇಂದ್ರನಾಥ್ ಇದನ್ನು ಹಸುಗಳ ಮೇಲೆ ಪರೀಕ್ಷಿಸಿ 1993ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಸುವಿನಲ್ಲಿ ಫಲ ತಿರುಗುಮುರುಗು: ಗಬ್ಬದ ಹಸುವಿನ ಮೂತ್ರಕ್ಕೆ ಹದಿನಾಲ್ಕು ಪಾಲು ನೀರು ಬೆರೆಸಿ ಗೋಧಿ ನೆನೆಸಿದರೆ ಐದು ದಿನವಾದರೂ ಮೊಳಕೆ ಬಹಳ ಕಡಮೆ, ಗಬ್ಬವಿಲ್ಲದ ಹಸುವಿನದಾದರೆ ಮೊಳೆಯುತ್ತದೆ. ಇದಕ್ಕೆ ಪುಣ್ಯಕೋಟಿ ಪರೀಕ್ಷೆ ಎಂಬ ಹೆಸರು ಬಂದು, ಹೊರದೇಶಗಳ ಪಶುವೈದ್ಯ ಬರಹಗಳಲ್ಲಿಯೂ ಅದೇ ಹೆಸರಿನಿಂದ ಉಲ್ಲೇಖವಾಗುತ್ತಿದೆ. ಮುಂದಿನ ಪ್ರಯೋಗಗಳಲ್ಲಿ ಫಲಿತಾಂಶ ಎಲ್ಲ ಕಡೆ ಒಂದೇ ತೆರನಾಗಿ ಬಂದಿಲ್ಲವಾದ್ದರಿಂದ ಇದೊಂದನ್ನೇ ನೆಚ್ಚಿ ಹಸು ಮಾರುವುದು, ಕೊಳ್ಳುವುದು ಮಾಡಬಾರದು. ಕಾಸು ಖರ್ಚಿಲ್ಲದ್ದು, ಕುತೂಹಲಕ್ಕೆ ಮಾಡಿ ನೋಡಲಡ್ಡಿಯಿಲ್ಲ.

ಕೀಲಿಕೈ ಊರು ಬಿಟ್ಟದ್ದು

ಓಸ್‌ನ ಕಂಪನಿ ಏನಾಯಿತು? 1967ರಲ್ಲಿ ಅದು ಉಪ್ಪಿನ ವ್ಯಾಪಾರದ ದೊಡ್ಡ ಕಂಪನಿಯೊಂದರ ಜೊತೆ ಸೇರಿತು. 1969ರಲ್ಲಿ ಆಕ್ಜೊ ಎಂಬ ಇನ್ನೂ ದೊಡ್ಡ ಗುಂಪಿನ ಭಾಗವಾಯಿತು. ಪರೀಕ್ಷಾ ಕಿಟ್ಟುಗಳ ವಿಭಾಗವಾದ ಆರ್ಗನಾನ್ ಟೆಕ್ನಿಕಾವನ್ನು 2001ರಲ್ಲಿ ಫ್ರಾನ್ಸಿನ ಬಯೋಮೆರ್ಯೂ ಕಂಪನಿಗೆ ಮಾರಿದರು. 2007ರಲ್ಲಿ ಆರ್ಗನಾನ್ ಪೂರ್ತಿಯಾಗಿ 11 ಬಿಲಿಯನ್ ಯೂರೋ, ಅಂದರೆ 1,100 ಕೋಟಿ ಯೂರೋ ಬೆಲೆಗೆ ಅಮೆರಿಕದ ಶೆರಿಂಗ್-ಪ್ಲೌ ಪಾಲಾಯಿತು. 2009ರಲ್ಲಿ ಶೆರಿಂಗ್-ಪ್ಲೌ ಅನ್ನು ಮರ್ಕ್ ಕೊಂಡಿತು. ಇಷ್ಟು ಕೈ ಬದಲಾದರೂ ಓಸ್‌ನಲ್ಲಿ ಕೆಲಸ ಮಾತ್ರ ನಿಂತಿರಲಿಲ್ಲ. ನಿರ್ಧಾರ ಮಾಡುವವರು ಮಾತ್ರ ದೂರ ದೂರ ಹೋಗುತ್ತಿದ್ದರು.

2010ರ ಜುಲೈ ತಿಂಗಳಲ್ಲಿ ಮರ್ಕ್, ಓಸ್‌ನ ಸಂಶೋಧನಾ ವಿಭಾಗವನ್ನು ಮುಚ್ಚುವುದಾಗಿ ಪ್ರಕಟಿಸಿತು. ಎರಡು ಸಾವಿರಕ್ಕೂ ಹೆಚ್ಚು ಕೆಲಸಗಳು ಹೋಗುವ ಮಾತು. ಊರಿನವರು ಬೀದಿಗಿಳಿದರು. ಇದರಲ್ಲಿ ಹೆಚ್ಚು ನೋವಿನ ಸಂಗತಿ ಬೇರೆಯಿದೆ. ಆರ್ಗನಾನಿನ ವಿಜ್ಞಾನಿಗಳು ಕಂಡುಹಿಡಿದು, ಹೊಸ ಯಜಮಾನರು ಅಷ್ಟಾಗಿ ಬೆಲೆ ಕಟ್ಟದೆ ಬದಿಗಿಟ್ಟಿದ್ದ ಒಂದು ಪ್ರತಿಕಾಯ ಕಡತದಲ್ಲಿತ್ತು. ಬೇರೊಂದು ಕಂಪನಿ ಅಂಥದೇ ಔಷಧಿಯಲ್ಲಿ ಒಳ್ಳೆಯ ಫಲ ತೋರಿಸಿದ ಮೇಲೆ ಮರ್ಕ್ ಅದನ್ನು ಮತ್ತೆ ಹೊರತೆಗೆಯಿತು. ಕೀಟ್ರೂಡಾ ಎಂಬ ಹೆಸರಿನಿಂದ 2014ರಲ್ಲಿ ಮಂಜೂರಾತಿ ಪಡೆದ ಆ ಕ್ಯಾನ್ಸರ್ ಔಷಧಿ 2023ರಲ್ಲಿ 2,500 ಕೋಟಿ ಡಾಲರ್ ಮಾರಾಟ ಕಂಡಿತು. ಆ ವರ್ಷ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾದ ಔಷಧಿ ಅದು. ದೂರದಲ್ಲಿ ಕುಳಿತು ಲೆಕ್ಕದ ಪುಸ್ತಕ ಓದುವವರಿಗೆ ಕಸ ಯಾವುದು, ಕಸವಲ್ಲದ್ದು ಯಾವುದು ಎಂಬುದು ಕಾಣಲಿಲ್ಲ. ಕಸಾಯಿಖಾನೆಯ ಅಂಗಳದಲ್ಲಿ ನಿಂತಿದ್ದ ಝ್ವಾನೆನ್‌ಬರ್ಗರಿಗೆ ಅದು ಕಂಡಿತ್ತು.

ಭದ್ರಾವತಿಯವರಿಗೆ ಇದನ್ನು ಹೇಳಿ ತಿಳಿಸಬೇಕಾಗಿಲ್ಲ. ಸಂಸ್ಥಾನದ ಕಾರ್ಖಾನೆ ರಾಜ್ಯದ್ದಾಗಿ, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 1998ರಲ್ಲಿ ಅದರಲ್ಲಿ ವಿಲೀನವೇ ಆಯಿತು. ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ದೆಹಲಿಯಿಂದ ಹೊರಬಿತ್ತು, ಕಾರ್ಮಿಕರು ಬಾಗಿಲ ಮುಂದೆ ಧರಣಿ ಕುಳಿತರು. ಪಕ್ಕದ ಮೈಸೂರು ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿಯೇ ನಿಂತಿದ್ದವು. ನಮ್ಮ ಅಡಿಕೆ ಸಂಘಗಳ ಮಹಾಸಭೆಯಲ್ಲಿ ಕೋರಂ ಸಾಲದೆ ಸಭೆ ಮುಂದೂಡುವ ಕಾಲಕ್ಕೆ ಈ ಎರಡು ಊರುಗಳನ್ನು ನೆನೆಯುವುದು ಒಳ್ಳೆಯದೆಂದು ಈ ಲೇಖಕನ ಭಾವನೆ. ಅಲ್ಲಿಯವರಿಗೆ ಕೈ ಎತ್ತಲು ಸಭೆಯೇ ಇರಲಿಲ್ಲ.

ಓಸ್ ಪೂರ್ತಿ ಕೈಚೆಲ್ಲಿ ಕೂರಲಿಲ್ಲ. ಹೋರಾಟದ ಫಲವಾಗಿ, ಖಾಲಿಯಾದ ಪ್ರಯೋಗಾಲಯಗಳನ್ನೇ ಬಳಸಿಕೊಂಡು 2012ರಲ್ಲಿ ಪಿವಟ್ ಪಾರ್ಕ್ ಎಂಬ ಸಂಶೋಧನಾ ಬಡಾವಣೆ ಆರಂಭವಾಯಿತು. ಸಣ್ಣ ಸಣ್ಣ ಕಂಪನಿಗಳು ಬಂದು ಅಲ್ಲಿ ಮೇಜು ಹಾಕಿದವು. ಅವುಗಳಲ್ಲಿ ಕೆಲವನ್ನು ಕಟ್ಟಿದವರು ಕೆಲಸ ಕಳೆದುಕೊಂಡ ಆರ್ಗನಾನ್ ನೌಕರರೇ. 2021ರಲ್ಲಿ ಮರ್ಕ್ ತನ್ನ ಮಹಿಳಾ ಆರೋಗ್ಯದ ಔಷಧಿಗಳನ್ನು ಬೇರ್ಪಡಿಸಿ ಹೊಸ ಕಂಪನಿ ಮಾಡಿದಾಗ ಅದಕ್ಕೆ ಆರ್ಗನಾನ್ ಎಂಬ ಹಳೆಯ ಹೆಸರನ್ನೇ ಇಟ್ಟಿತು. ಮುಖ್ಯ ಕಚೇರಿಯನ್ನು ತೆರೆದದ್ದು ಅಮೆರಿಕದ ಜೆರ್ಸಿ ಸಿಟಿಯಲ್ಲಿ.